ರೈಲಂಗಡಿ ಶೆಟ್ರ ಲೆಕ್ಕದ ಪುಸ್ತಕ

ಮೊದಲೇ ಹೇಳಿಬಿಡ್ತೀನಿ, ಶೆಟ್ರು ಅಂದರೆ ನಿಜವಾದ ಶೆಟ್ರಲ್ಲ. ಬಿಳಿ ಮೀಸೆ, ನೀಲಿ ಗೆರೆಯ ಟೊಪ್ಪಿ, ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡ ಎಪ್ಪತ್ತಾರು ವರ್ಷದ ಅಮೆರಿಕನ್ ಅಜ್ಜ. ಆದರೆ ನಮ್ಮ ಕಡೆ ಅಂಗಡಿ ಇಟ್ಟವರೆಲ್ಲ ಶೆಟ್ರೇ ಅಲ್ವಾ? ಸಾಗರದ ಪೇಟೆಯಲ್ಲಿ ಅಪ್ಪಯ್ಯ ತಿಂಗಳ ಸಾಮಾನು ತರುತ್ತಿದ್ದ ಅಂಗಡಿಯವರು ಶೆಟ್ಟರಲ್ಲ, ಕಾಮತರು ಅಂತ ನನಗೆ ಗೊತ್ತಾಗಿದ್ದೇ ಹೈಸ್ಕೂಲಿಗೆ ಹೋದ ಮೇಲೆ. ಅದೇ ಚಾಳಿಯಲ್ಲಿ ಮಿಲ್ವಾಕಿ ಹತ್ತಿರದ ನಮ್ಮ ಈ ಸಣ್ಣ ಊರಿನ ಆಟಿಕೆ ರೈಲಿನ ಅಂಗಡಿಯ ಅಜ್ಜನಿಗೂ ನಮ್ಮನೆಯಲ್ಲಿ ಶೆಟ್ರು ಅಂತಲೇ ಹೆಸರು ಬಿತ್ತು. "ರೀ, ಶನಿವಾರ ಆಯ್ತು, ಶೆಟ್ರ ಅಂಗಡಿಗೆ ದುಡ್ಡು ಸುರಿಯೋಕೆ ಹೋಗಲ್ವಾ?" ಅಂತ ಇವಳು ಕೇಳುವುದು ರೂಢಿ.

ಹಾಗೆ ನೋಡಿದರೆ ಶೆಟ್ರ ಅಂಗಡಿಯಲ್ಲಿ ನನಗೂ ಒಂದು ಬೇರೆ ಹೆಸರಿದೆ. ಹೆಗಡೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದರೆ ಇಲ್ಲಿಯವರ ಕಣ್ಣಿಗೆ ಅದು 'ಹೆಡ್ಜ್' ಅಂತ ಕಾಣುತ್ತದೆ. ಅಂದರೆ ಬೇಲಿ. ಹದಿನಾರು ವರ್ಷದಿಂದ ಅಲ್ಲಿ ನಾನು ಬೇಲಿ. ತಿದ್ದುವುದನ್ನು ಬಿಟ್ಟಿದ್ದೀನಿ.

2025ರ ಅಕ್ಟೋಬರಿನಲ್ಲಿ ಸುದ್ದಿ ಬಂತು, ಶೆಟ್ರು ಅಂಗಡಿ ಮಾರ್ತಾರಂತೆ ಅಂತ. ಮನಸ್ಸಿಗೆ ಒಂಥರಾ ಆಯ್ತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

2009ರ ಚಳಿಗಾಲ. ಆಫೀಸಿನಲ್ಲಿ ವಾರಕ್ಕೊಬ್ಬರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಇವಳು ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಹೊರಗೆ ಮೊಣಕಾಲುದ್ದ ಹಿಮ. ಕಾರಿನ ಗಾಜಿನ ಮೇಲೆ ಹಿಮ ಬಿದ್ದು ದಾರಿ ಕಾಣದೆ ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸೋಣ ಅಂತ ನಿಲ್ಲಿಸಿದ್ದು ಆ ಅಂಗಡಿಯ ಮುಂದೆ. ಬೆಚ್ಚಗಿರುತ್ತದೆ ಅಂತ ಒಳಗೆ ಹೋದೆ ಅಷ್ಟೆ, ರೈಲಿಗಾಗಿ ಅಲ್ಲ. ಒಳಗೆ ಒಂದು ಮೂಲೆಯಲ್ಲಿ ಮೇಜಿನ ಮೇಲೆ ಹಳಿ ಹಾಸಿ ಶೆಟ್ರು ಯಾವುದೋ ಇಂಜಿನ್ ಪರೀಕ್ಷೆ ಮಾಡುತ್ತಿದ್ದರು. ಅಂಗೈಯಷ್ಟು ಉದ್ದದ ಇಂಜಿನ್ನು. ಅದರಿಂದ ಶಬ್ದ ಬಂತು ನೋಡಿ... ಗುಡು ಗುಡು ಗುಡು, ಮಧ್ಯೆ ಒಂದು ಉಸಿರು ಕಟ್ಟಿದ ಹಾಗೆ ತಡವರಿಕೆ, ಮತ್ತೆ ಗುಡು ಗುಡು. ನಾನು ಅಲ್ಲೇ ನಿಂತುಬಿಟ್ಟೆ. ಅದು ಬೀರೂರು ಜಂಕ್ಷನ್ನಿನ ಶಬ್ದ! ಇಂಜಿನಿಯರಿಂಗ್ ಓದುವಾಗ ಬೆಂಗಳೂರಿನ ರಾತ್ರಿ ರೈಲಿನಲ್ಲಿ, ಬೀರೂರಿನಲ್ಲಿ ಎಚ್ಚರವಾದಾಗ ಕಿಟಕಿಯಾಚೆ ನಿಂತು ಗೊರಕೆ ಹೊಡೆಯುತ್ತಿದ್ದ ಡೀಸೆಲ್ ಇಂಜಿನ್ನಿನ ಶಬ್ದ.

ಸುಳ್ಳಲ್ಲ, ಭ್ರಮೆಯೂ ಅಲ್ಲ. ಶೆಟ್ರನ್ನು ಕೇಳಿದಾಗ ಗೊತ್ತಾಯಿತು. ನಮ್ಮ ಡಬ್ಲ್ಯೂಡಿಎಮ್-2 ಇಂಜಿನ್ನು ಮೂಲದಲ್ಲಿ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿಯಿಂದ 1962ರಲ್ಲಿ ಮೊದಲ ಇಂಜಿನ್ನುಗಳು ಬಂದವು, 1964ರಿಂದ ವಾರಣಾಸಿಯಲ್ಲೇ ತಯಾರಾದವು. ಮೀಟರ್ ಗೇಜಿನ ವೈಡಿಎಮ್-4 ಕೂಡ ಅದೇ ಮನೆತನದ್ದು. ಒಳಗಿರುವ ಯಂತ್ರದ ಹೆಸರು ಆಲ್ಕೋ 251. ಶೆಟ್ರ ಮೇಜಿನ ಮೇಲಿದ್ದದ್ದು ಆರ್‌ಎಸ್-11 ಅನ್ನುವ ಅಮೆರಿಕನ್ ಇಂಜಿನ್ನಿನ ಮಾದರಿ. ಅದರ ಹೊಟ್ಟೆಯಲ್ಲೂ ಅದೇ 251. ಆಲ್ಕೋ 1969ರಲ್ಲೇ ಇಂಜಿನ್ ಮಾಡುವುದನ್ನು ನಿಲ್ಲಿಸಿತು. ಅದರ ಗುಡುಗುಡು ಮಾತ್ರ ನಮ್ಮೂರಿನಲ್ಲಿ ಇನ್ನೂ ನಾಲ್ಕು ದಶಕ ಓಡಾಡಿಕೊಂಡಿತ್ತು. ಈಗ ಒಂದು ಚಿಪ್ಪು, ಹುಣಸೆಬೀಜದಷ್ಟು ಸ್ಪೀಕರು, ಅಷ್ಟರಲ್ಲಿ ಬೀರೂರು!

ಅವತ್ತು ಶೆಟ್ರು ನನಗೆ ಏನನ್ನೂ ಮಾರಲಿಲ್ಲ. ಒಂದು ಲೋಟ ಕೆಟ್ಟ ಕಾಫಿ ಕೊಟ್ಟು, ಆ ಇಂಜಿನ್ನನ್ನು ಇನ್ನೂ ನಾಲ್ಕು ಸುತ್ತು ಓಡಿಸಿದರು. ಮುಂದಿನ ಶನಿವಾರ ನಾನೇ ಹೋದೆ. ಅದರ ಮುಂದಿನ ಶನಿವಾರವೂ. ಕೆಲಸ ಹೋಗುತ್ತದೋ ಉಳಿಯುತ್ತದೋ ಅನ್ನುವ ಆ ಆರು ತಿಂಗಳು ವಾರದಲ್ಲಿ ಒಂದು ದಿನ ಯಾರೂ ಏನೂ ಕೇಳದ ಜಾಗ ಅಂತ ಇದ್ದಿದ್ದು ಅದೊಂದೇ.

ಈ ಮಿಲ್ವಾಕಿ ಅನ್ನುವುದು ರೈಲು ಮಾದರಿಯ ಹುಚ್ಚಿಗೆ ತವರುಮನೆ ಅಂತ ನನಗೆ ಆಗ ಗೊತ್ತಿರಲಿಲ್ಲ. 1932ರಲ್ಲಿ ವಾಲ್ದರ್ಸ್ ಕಂಪನಿ ಶುರುವಾಗಿದ್ದು ಇಲ್ಲಿ. 'ಮಾಡೆಲ್ ರೈಲ್‌ರೋಡರ್' ಪತ್ರಿಕೆ 1934ರಲ್ಲಿ ಹೊರಟಿದ್ದು ಇಲ್ಲಿಂದ. ದೇಶದ ಎಲ್ಲ ಹುಚ್ಚರೂ ಸೇರಿ, ಒಬ್ಬನ ಡಬ್ಬಿ ಇನ್ನೊಬ್ಬನ ಹಳಿಯ ಮೇಲೆ ಓಡಬೇಕಾದರೆ ಅಳತೆ ಒಂದೇ ಇರಬೇಕಲ್ಲ ಅಂತ 1935ರಲ್ಲಿ ಸಂಘ ಕಟ್ಟಿದ್ದೂ ಇಲ್ಲೇ. ಹೆಚ್ಚು ಜನ ಕಟ್ಟುವುದು ಎಚ್‌ಓ ಅನ್ನುವ ಅಳತೆ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಆರು ತಿಂಗಳು ಚಳಿ, ಪ್ರತಿ ಮನೆಗೂ ಒಂದು ನೆಲಮಾಳಿಗೆ. ಇನ್ನೇನು ಮಾಡುತ್ತಾರೆ ಪಾಪ.

ಆದರೆ ತವರುಮನೆಯಾದರೇನು, ಅಂಗಡಿಗಳು ಎಲ್ಲ ಕಡೆ ಮುಚ್ಚುತ್ತಿವೆ. ಡೆನ್ವರಿನ ಕಬೂಸ್ ಹಾಬೀಸ್ ಅಂದರೆ ಈ ಲೋಕದ ದೊಡ್ಡ ಜಾತ್ರೆ, ಅದು 2016ರಲ್ಲಿ ಬಾಗಿಲು ಹಾಕಿತು (ಆಮೇಲೆ ಪಕ್ಕದ ಲೇಕ್‌ವುಡ್‌ನಲ್ಲಿ ಅದರ ಉತ್ತರಾಧಿಕಾರಿಯಾಗಿ ಇನ್ನೊಂದು ಅಂಗಡಿ ಎದ್ದಿತು). ಇಂಗ್ಲೆಂಡಿನ ಹ್ಯಾಟನ್ಸ್ 1946ರಿಂದ ಇದ್ದದ್ದು, 2024ರ ಜನವರಿಯಲ್ಲಿ ಸಾಕು ಅಂದಿತು. ಅಂಗಡಿ ಬಿಡಿ, ತಯಾರಿಸುವವರೇ ಮುಗ್ಗರಿಸಿದ್ದಾರೆ. ಲಯನೆಲ್ 2004ರಲ್ಲಿ ದಿವಾಳಿ ಅರ್ಜಿ ಹಾಕಿ ಸುಧಾರಿಸಿಕೊಂಡಿತು. ಜರ್ಮನಿಯ ಮೆರ್ಕ್ಲಿನ್ ತನ್ನ 150ನೇ ವರ್ಷದಲ್ಲೇ, 2009ರಲ್ಲಿ, ಅದೇ ದಾರಿ ಹಿಡಿಯಿತು. ಈಗ ಬೇರೆಯವರ ಕೈಯಲ್ಲಿ ಬದುಕಿದೆ. ಹಾಗಿರುವಾಗ ನಮ್ಮ ಶೆಟ್ರು, ಒಂದು ಬೀದಿಯ, ಒಂದು ಬಾಗಿಲಿನ ಶೆಟ್ರು ಇಷ್ಟು ವರ್ಷ ಹೇಗೆ ಉಳಿದರು?

ಅದಕ್ಕೆ ಉತ್ತರ ಹುಡುಕುವ ಕೆಲಸ ನನ್ನ ತಲೆಗೇ ಬಂತು. ಅಂಗಡಿ ಕೊಳ್ಳಲು ಬಂದಿದ್ದವನು ದೂರದೂರಿನ ಒಬ್ಬ ವ್ಯಾಪಾರಿ. ಅವನಿಗೆ ಅಂಗಡಿ ಬೇಡ, ಒಳಗಿರುವ ಮಾಲಷ್ಟೇ ಬೇಕು, ಅದೂ ರೂಪಾಯಿಗೆ ನಾಲ್ಕಾಣೆ ಲೆಕ್ಕದಲ್ಲಿ. ಇನ್ನೊಂದು ಕಡೆ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ, ಕೂದಲಿಗೆ ತಿಂಗಳಿಗೊಂದು ಬಣ್ಣ ಹಾಕಿಕೊಳ್ಳುವವಳು, ನಾನೇ ಕಂತಿನಲ್ಲಿ ತಗೋತೀನಿ ಅಂತ ಕೇಳಿದ್ದಳು. ಬ್ಯಾಂಕಿನವರು ಲೆಕ್ಕ ತನ್ನಿ ಅಂದಿದ್ದರು. ಶೆಟ್ರ ಲೆಕ್ಕ ಅಂದರೆ ಏನು ಅಂತೀರಿ? ಮೂರು ಉದ್ದನೆಯ ಪುಸ್ತಕ, ಒಂದು ಶೂ ಡಬ್ಬಿ ತುಂಬ ರಸೀತಿ. "ಬೇಲಿ, ನಿನಗೆ ಕಂಪ್ಯೂಟರ್ ಗೊತ್ತಲ್ಲ?" ಅಂದರು. ಡೇಟಾಬೇಸಿನ ಕೆಲಸ ಮಾಡುವವನು ಇಲ್ಲ ಅನ್ನುವುದು ಹೇಗೆ! ನಾಲ್ಕು ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದೆ.

ನಾನು ತಿಳಿದುಕೊಂಡಿದ್ದು, ರೈಲಿನಂಗಡಿ ಬದುಕುವುದು ರೈಲು ಮಾರಿ ಅಂತ. ಪೂರ್ತಿ ತಪ್ಪು. ಗಾಜಿನ ಕಪಾಟಿನಲ್ಲಿ ಥಳಥಳ ಹೊಳೆಯುತ್ತ ಕೂತಿರುತ್ತವಲ್ಲ ಮುನ್ನೂರು ನಾನೂರು ಡಾಲರಿನ ಇಂಜಿನ್ನುಗಳು, ಅವು ಮದುವೆಮನೆಯ ಹೂವಿನ ಅಲಂಕಾರ ಇದ್ದ ಹಾಗೆ. ಜನ ನೋಡಲು ಬರುತ್ತಾರೆ. ಒಂದೊಂದು ಇಂಜಿನ್ನು ಎರಡು ವರ್ಷ ಅಲ್ಲೇ ಕೂತಿದೆ, ಶೆಟ್ರ ದುಡ್ಡನ್ನು ಹೊಟ್ಟೆಯೊಳಗೆ ಇಟ್ಟುಕೊಂಡು. ದೊಡ್ಡ ಆನ್‌ಲೈನ್ ಅಂಗಡಿಗಳು ಅದನ್ನು ಕಡಿಮೆಗೆ ಕೊಡುವುದರಿಂದ ಇವರೂ ಬೆಲೆ ಇಳಿಸಬೇಕು. ಇಳಿಸಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ.

ದಿನಾ ಬಾಗಿಲು ತೆಗೆಸುತ್ತಿದ್ದದ್ದು ಬೇರೆ ಸಾಮಾನು. ಬಣ್ಣದ ಪುಟ್ಟ ಶೀಶೆ, ಅಂಟು, ಬ್ಲೇಡು, ಮರಳು ಕಾಗದ, ಪ್ಲಾಸ್ಟಿಕ್ಕಿನ ತೆಳು ಹಾಳೆ, ಹುಲ್ಲಿನ ಪುಡಿ, ಒಂದು ಅಡಿ ವೈರು. ಕೇಡೀ ಕಪ್ಲರ್. (ನಿಜವಾಗಿಯೂ ಅದೇ ಹೆಸರು! ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ ಮಾಡುವ ಕಂಪನಿ. ಅದರ 5ನೇ ನಂಬರಿನ ಕೊಂಡಿ ಇಲ್ಲದ ಎಚ್‌ಓ ಮನೆಯಿಲ್ಲ. "ಎರಡು ಪ್ಯಾಕೆಟ್ ಕೇಡಿ ಕೊಡಿ" ಅಂತ ಕೇಳುವಾಗಲೆಲ್ಲ ನನಗೆ ಒಳಗೊಳಗೇ ನಗು.) ಇವೆಲ್ಲ ಐದು, ಎಂಟು, ಹತ್ತು ಡಾಲರಿನ ವ್ಯಾಪಾರ. ಆದರೆ ಶನಿವಾರ ಮಧ್ಯಾಹ್ನ ಅರ್ಧ ಕಟ್ಟಿದ ಮನೆಯ ಮಾಡು ಅಂಟದೆ ಕೂತವನು ಅಂಟಿಗಾಗಿ ಮಂಗಳವಾರದ ತನಕ ಕಾಯುವುದಿಲ್ಲ, ಅಂಗಿ ಏರಿಸಿಕೊಂಡು ಓಡಿ ಬರುತ್ತಾನೆ. ಬಂದವನು ಅಂಟು ಮಾತ್ರ ಕೊಳ್ಳುತ್ತಾನಾ? ಇಲ್ಲ. ನನ್ನನ್ನು ಕೇಳಿ.

ಇನ್ನೊಂದು ಗುಟ್ಟು ಪುಸ್ತಕದಲ್ಲಿರಲಿಲ್ಲ, ಗೋಡೆಯಲ್ಲಿತ್ತು. ಕಟ್ಟಡ ಶೆಟ್ರದ್ದೇ. ಅವರ ಮಾವ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಜಾಗ. ಮೇಲಿನ ಮಹಡಿಯ ಎರಡು ಮನೆಗಳ ಬಾಡಿಗೆಯಲ್ಲಿ ಕಟ್ಟಡದ ತೆರಿಗೆ, ಚಳಿಗಾಲದ ಗ್ಯಾಸಿನ ಬಿಲ್ಲು ಎರಡೂ ನಡೆಯುತ್ತಿತ್ತು. ಶೆಟ್ರು ತಮಗೆ ತಾವೇ ಬಾಡಿಗೆ ಕೊಟ್ಟುಕೊಂಡ ಲೆಕ್ಕ ಎಲ್ಲೂ ಇಲ್ಲ. ನಾನು ಎಕ್ಸೆಲ್ಲಿನಲ್ಲಿ ಆ ಒಂದು ಸಾಲು ಸೇರಿಸಿದೆ ನೋಡಿ, ಮೂರು ವರ್ಷದ ಲಾಭದಲ್ಲಿ ಎರಡು ವರ್ಷದ್ದು ಕರಗಿ ನೀರಾಯಿತು. ತೋರಿಸಿದೆ. ಶೆಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಆ ಸಾಲನ್ನು ಅವಳಿಗೆ ತೋರಿಸಲೇಬೇಕು" ಅಂದರು. ಅವಳು ಅಂದರೆ ಬಣ್ಣದ ಕೂದಲಿನ ಹುಡುಗಿ. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಹುಡುಗಿಯ ವಿಷಯಕ್ಕೆ ಬಂದರೆ, ಅವಳು ಬಂದಾಗ ಶೆಟ್ರಿಗೂ ಅವಳಿಗೂ ದಿನಾ ಜಗಳ. ಅವಳು ಗಂಡಮ್ ತರಿಸೋಣ ಅಂದಳು. ಜಪಾನಿನ ರೋಬೋಟ್ ಬೊಂಬೆ, ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ ಜೋಡಿಸುವಂಥದ್ದು. "ನನ್ನದು ರೈಲಿನಂಗಡಿ" ಅಂತ ಶೆಟ್ರ ಪಟ್ಟು. ಕೊನೆಗೆ ಬಾಗಿಲ ಪಕ್ಕದ, ಯಾರೂ ಮುಟ್ಟದ ಒಂದು ಕಪಾಟು ಬಿಟ್ಟುಕೊಟ್ಟರು. ಈಗ ಆ ಕಪಾಟು ಮೂರಾಗಿದೆ. ಹದಿನೈದು ಹದಿನಾರರ ಹುಡುಗ ಹುಡುಗಿಯರು ಬರುತ್ತಾರೆ, ಅದಕ್ಕೂ ಅದೇ ಬಣ್ಣ, ಅದೇ ಬ್ಲೇಡು, ಅದೇ ಅಂಟು! ರೈಲಿನವರು ಬೇಸಿಗೆಯಲ್ಲಿ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಹುಲ್ಲು ಕತ್ತರಿಸಬೇಕು, ಕೆರೆಯಲ್ಲಿ ಮೀನು ಹಿಡಿಯಬೇಕು. ನಮ್ಮಲ್ಲಿ ಮಳೆಗಾಲಕ್ಕೆ ವ್ಯಾಪಾರ ಬೀಳುವ ಹಾಗೆ ಇಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಪುಸ್ತಕದ ಪುಟಗಳು ಬತ್ತಿದ ಹೊಳೆ. ಆ ನಾಲ್ಕು ತಿಂಗಳು ಅಂಗಡಿಯನ್ನು ನೂಕಿದ್ದು ಶಾಲೆಗೆ ರಜೆ ಇದ್ದ ಈ ಮಕ್ಕಳ ರೋಬೋಟು. ಶೆಟ್ರಿಗೆ ಅಂಕಿ ತೋರಿಸಿದಾಗ "ಹ್ಞೂಂ" ಅಂದರು ಅಷ್ಟೆ.

ಪುಸ್ತಕದಲ್ಲಿ ಕಾಲದ ಕುರುಹುಗಳೆಲ್ಲ ಕಾಣುತ್ತವೆ. 2020ರ ಏಪ್ರಿಲ್ ಖಾಲಿ ಪುಟ. ಮೇ ತಿಂಗಳಿಂದ, ಮನೆಯಲ್ಲೇ ಬಂಧಿಯಾದ ಊರಿಗೆ ಊರೇ ನೆಲಮಾಳಿಗೆಗೆ ಇಳಿದಿದ್ದರಿಂದ, ಅಕ್ಷರ ಹಿಡಿಸದಷ್ಟು ತುಂಬಿದ ಪುಟ. ಪ್ರತಿ ಡಿಸೆಂಬರಿನಲ್ಲಿ ಲಯನೆಲ್ ಸೆಟ್ಟುಗಳು, ಕ್ರಿಸ್‌ಮಸ್ ಮರದ ಸುತ್ತ ಓಡಿಸಲು. ಪ್ರತಿ ಜನವರಿಯಲ್ಲಿ ರಿಪೇರಿ, "ಅಜ್ಜನ ಕಾಲದ ರೈಲು, ಅಟ್ಟದಲ್ಲಿತ್ತು, ಓಡ್ತಾ ಇಲ್ಲ" ಅಂತ. 2025ರ ಏಪ್ರಿಲ್‌ನಲ್ಲಿ ಚೀನಾ ಮಾಲಿನ ಮೇಲಿನ ಸುಂಕ 145 ಪ್ರತಿಶತಕ್ಕೆ ಏರಿ ಮೇನಲ್ಲಿ 30ಕ್ಕೆ ಇಳಿದಾಗ ಶೆಟ್ರು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕೆಟ್ಟ ಮಾತು ಬರೆದಿದ್ದರು. ಈ ಇಂಜಿನ್ನುಗಳಲ್ಲಿ ಹೆಚ್ಚಿನವು ಚೀನಾದಲ್ಲೇ ತಯಾರಾಗುವುದು. ಅದನ್ನು ಎಕ್ಸೆಲ್ಲಿಗೆ ಇಳಿಸಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳೇ ಮಾಲಿನ ಪುಟಗಳು. ಇಲ್ಲಿ ಒಂದು ಹಳೇ ಜೋಕಿದೆ, ರೈಲಿನ ಹುಚ್ಚು ಇರುವವನಿಗೆ ಸಾವಿನ ಭಯ ಇಲ್ಲವಂತೆ, ತಾನು ಸತ್ತ ಮೇಲೆ ಹೆಂಡತಿ ಆ ಇಂಜಿನ್ನುಗಳನ್ನು ತಾನು ಹೇಳಿದ ಬೆಲೆಗೇ ಮಾರಿಬಿಟ್ಟರೆ ಅನ್ನುವುದೊಂದೇ ಭಯವಂತೆ! ಶೆಟ್ರ ಅಂಗಡಿಯಲ್ಲಿ ಅರ್ಧ ದುಡ್ಡು ನಗದು, ಅರ್ಧ ಕಾರ್ಡು ಕೊಡುವವರು ಬೇಕಾದಷ್ಟು ಜನ. ಮನೆಗೆ ಹೋಗುವ ಕಾಗದದಲ್ಲಿ ಅರ್ಧವೇ ಕಾಣಲಿ ಅಂತ. (ನಾನೂ ಮಾಡಿದ್ದೇನೆ. ಇವಳು ಇದನ್ನು ಓದುತ್ತಾಳೆ, ಗೊತ್ತು. ಇರಲಿ.)

ಗಿರಾಕಿಗಳಿಗೆ ವಯಸ್ಸಾಗಿದೆ. ಸಾಯುತ್ತಾರೆ. ಆಗ ಮನೆಯವರು ಫೋನ್ ಮಾಡುವುದು ಶೆಟ್ರಿಗೆ. ಒಂದು ಭಾನುವಾರ, ನಾನು ಲೆಕ್ಕ ಬರೆಯುತ್ತಿದ್ದಾಗಲೇ ಅಂಥ ಕರೆ ಬಂತು, "ಬಾ, ಡಬ್ಬ ಎತ್ತೋಕೆ ಜನ ಬೇಕು" ಅಂತ ನನ್ನನ್ನೂ ಕರೆದುಕೊಂಡು ಹೋದರು. ನೆಲಮಾಳಿಗೆಯಲ್ಲಿ ನಲವತ್ತು ವರ್ಷದ ಕೆಲಸ. ಬೆಟ್ಟ, ಸೇತುವೆ, ದೀಪ ಹತ್ತುವ ಮನೆಗಳು. ಸಾಲು ಸಾಲು ನೀಲಿ ಡಬ್ಬಗಳು. ಆ ಅಮ್ಮ ಮೆಟ್ಟಿಲ ಮೇಲೆಯೇ ಕೂತಿದ್ದರು, ಕೆಳಗೆ ಇಳಿಯಲಿಲ್ಲ. "ಇದರಿಂದ ಮನೆಯ ಮಾಡು ಹೊಸದು ಮಾಡಿಸಬಹುದು ಅಂತ ಅವರು ಹೇಳುತ್ತಿದ್ದರು" ಅಂದರು.

ಶೆಟ್ರು ಎರಡು ಗಂಟೆ ನೋಡಿದರು. ಒಂದೊಂದೇ ಡಬ್ಬ ತೆಗೆದು, ಚಕ್ರ ತಿರುಗಿಸಿ, ಮತ್ತೆ ಮುಚ್ಚಿ, ಚೀಟಿಯ ಮೇಲೆ ಬರೆದುಕೊಂಡು. ಆಮೇಲೆ ಮೆಟ್ಟಿಲ ಹತ್ತಿರ ಹೋಗಿ ಆ ಅಮ್ಮನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ನೀಲಿ ಡಬ್ಬದವು ಸಾವಿರಾರು ಜನರ ಹತ್ತಿರ ಇವೆ, ಬೆಲೆ ಇಲ್ಲ ಅಂದರು. ಬೆಟ್ಟ, ಸೇತುವೆಗಳನ್ನು ಯಾರೂ ಕೊಳ್ಳುವುದಿಲ್ಲ, ಒಡೆಯಬೇಕು ಅಂದರು. ಆಮೇಲೆ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ತೋರಿಸಿ, "ಇದರಲ್ಲಿ ಆರು ಹಿತ್ತಾಳೆ ಇಂಜಿನ್ನುಗಳಿವೆ. ನಾನು ಕೊಳ್ಳುವುದಿಲ್ಲ. ಹರಾಜಿಗೆ ಕಳಿಸಿ, ನನಗಿಂತ ಜಾಸ್ತಿ ಕೊಡುತ್ತಾರೆ. ವಿಳಾಸ ಬರೆದುಕೊಡುತ್ತೇನೆ" ಅಂದರು. ಉಳಿದದ್ದಕ್ಕೆ ಚೆಕ್ಕು ಬರೆದರು. ಮಾಡಿಗೆ ಸಾಲುವಷ್ಟಲ್ಲ. ಆ ಅಮ್ಮ ಚೆಕ್ಕು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ಜನ ಬಂದು ನೋಡಿ ಹೋದರು. ಹಿತ್ತಾಳೆಯದ್ದನ್ನು ಯಾರೂ ಹೇಳಲಿಲ್ಲ" ಅಂದರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, ಆ ಆರನ್ನು ನೀವೇ ಇಟ್ಟುಕೊಂಡಿದ್ದರೆ? "ಹತ್ತು ವರ್ಷದ ಹಿಂದೆ ಒಬ್ಬರಿಗೆ ಹಿತ್ತಾಳೆ ಬೇರೆ ಇಟ್ಟುಕೊಟ್ಟಿದ್ದೆ. ಇವರಿಗೆ ನನ್ನ ಫೋನ್ ನಂಬರು ಕೊಟ್ಟದ್ದು ಅವರೇ" ಅಂದರು. ಪುಸ್ತಕ ತೆಗೆದು ನೋಡಿದರೆ ಹೌದು. ಅಂಗಡಿಯಲ್ಲಿ ನಿಜವಾದ ಲಾಭ ಇರುವುದು ಹಳೇ ಮಾಲಿನಲ್ಲೇ, ಒಂದು ಮನೆಯ ಪುಟದ ಕೆಳಗೆ ಇನ್ನೊಂದು ಮನೆಯ ಹೆಸರು, ಬಾಣದ ಗುರುತು ಹಾಕಿ ಯಾರು ಯಾರಿಗೆ ಹೇಳಿದರು ಅಂತ.

ಇನ್ನು ಮೂರನೇ ಪುಸ್ತಕ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ.

ಮೂರನೆಯದು ಮುಂಗಡ ಆರ್ಡರಿನ ಪುಸ್ತಕ. ಈಗೆಲ್ಲ ಹೊಸ ಇಂಜಿನ್ನು ಮೊದಲು ಮಾಡಿ ಆಮೇಲೆ ಮಾರುವುದಿಲ್ಲ. ಕಂಪನಿ ಚಿತ್ರ ತೋರಿಸುತ್ತದೆ, ಇಂಥ ತಾರೀಖಿನೊಳಗೆ ಹೆಸರು ಕೊಡಿ ಅನ್ನುತ್ತದೆ, ಬಂದ ಹೆಸರು ನೋಡಿಕೊಂಡು ಅಷ್ಟೇ ಮಾಡಿಸುತ್ತದೆ. ಕೈಗೆ ಬರಲು ವರ್ಷ, ಎರಡು ವರ್ಷ. ಅಂಗಡಿಯವರು ನಮ್ಮ ಮಾತು ನಂಬಿ ಆರ್ಡರ್ ಹಾಕಬೇಕು. ಮಾಲು ಬಂದಾಗ ದುಡ್ಡು ಕಟ್ಟಬೇಕು. ನಾವು ಬೇಡ ಅಂದರೆ ಅವರ ತಲೆಗೆ. ಶೆಟ್ರು ಹಳೇ ಗಿರಾಕಿಗಳ ಹತ್ತಿರ ಮುಂಗಡ ಕೇಳುತ್ತಿರಲಿಲ್ಲ. ಸಾಗರದ ಅಂಗಡಿಯಲ್ಲಿ "ಉದ್ರಿ ಕೇಳಬೇಡಿ" ಅಂತ ಬೋರ್ಡು ಹಾಕಿ, ಅಪ್ಪಯ್ಯನಿಗೆ ಮಾತ್ರ ಅಡಿಕೆ ಮಾರುವ ತನಕ ಉದ್ರಿ ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ.

2016ರ ಒಂದು ಪುಟದಲ್ಲಿ: ಬೇಲಿ, ಆರ್‌ಎಸ್-11, ನಾರ್ಫೋಕ್ ಆಂಡ್ ವೆಸ್ಟರ್ನ್, ಶಬ್ದ ಸಹಿತ, 1.

ಮುಂದೆ, 2018ರ ಏಪ್ರಿಲ್: ಬಂತು. ಫೋನ್ ಮಾಡಿದೆ. ಬೇಡ ಅಂದ.

ಬೇಡ ಅಂದಿದ್ದೆ. ನೆನಪಿದೆ. ಮಗಳ ಶಾಲೆ ಫೀಜು, ಖರ್ಚು ಜಾಸ್ತಿ, ಅಂತೆಲ್ಲ ಹೇಳಿದ್ದೆ. ನಿಜ ಏನೆಂದರೆ ಅದೇ ಇಂಜಿನ್ನು ಆನ್‌ಲೈನಿನಲ್ಲಿ ನಲವತ್ತು ಡಾಲರ್ ಕಡಿಮೆಗೆ ಸಿಕ್ಕಿತ್ತು. ಅದರಲ್ಲೂ ಹದಿನೈದು ಡಾಲರ್ ಮಾರಾಟ ತೆರಿಗೆ ಉಳಿದದ್ದು. ಆಗ ಹೊರರಾಜ್ಯದ ಮಾರಾಟಗಾರರು ತೆರಿಗೆ ಹಿಡಿಯಬೇಕಾಗಿರಲಿಲ್ಲ, ಆ ವರ್ಷದ ಜೂನಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಅಕ್ಟೋಬರಿನಿಂದ ನಮ್ಮ ವಿಸ್ಕಾನ್ಸಿನ್‌ನಲ್ಲೂ ಶುರುವಾಯಿತು. ಆರು ತಿಂಗಳು ತಡವಾಗಿದ್ದರೆ ಉಳಿಯುತ್ತಿದ್ದದ್ದು ಇಪ್ಪತ್ತೈದು ಡಾಲರ್!

ಇಷ್ಟಕ್ಕೇ ನಿಂತಿದ್ದರೆ ಹೇಗೋ ಮರೆಯಬಹುದಿತ್ತು. ಆದರೆ ರಿಪೇರಿ ಪುಸ್ತಕವನ್ನೂ ನಾನೇ ಎಕ್ಸೆಲ್ಲಿಗೆ ಇಳಿಸುತ್ತಿದ್ದೆನಲ್ಲ. 2018ರ ಜೂನ್: ಬೇಲಿ, ಆರ್‌ಎಸ್-11, ಸ್ಪೀಕರ್ ವೈರ್ ಬಿಟ್ಟಿದೆ, 12 ಡಾಲರ್.

ಹೌದು. ಆನ್‌ಲೈನಿನಲ್ಲಿ ತರಿಸಿದ ಇಂಜಿನ್ನಿನ ಶಬ್ದ ಎರಡೇ ತಿಂಗಳಿಗೆ ನಿಂತಿತು. ಕಳಿಸಿದವರು ಫೋನ್ ಎತ್ತಲಿಲ್ಲ. ನಾನು ಅದನ್ನು ತೆಗೆದುಕೊಂಡು ಹೋಗಿದ್ದು ಯಾರ ಹತ್ತಿರ? ಸ್ನೇಹಿತನೊಬ್ಬ ಹುಟ್ಟುಹಬ್ಬಕ್ಕೆ ಕೊಟ್ಟ ಅಂತ ಬೇರೆ ಸುಳ್ಳು ಹೇಳಿದ್ದೆ. ಶೆಟ್ರು ಏನೂ ಕೇಳದೆ ಮುಚ್ಚಳ ತೆಗೆದು, ಬೆಸುಗೆ ಹಾಕಿ, ಮೇಜಿನ ಹಳಿಯ ಮೇಲೆ ಓಡಿಸಿ, ಆ ಗುಡುಗುಡು ಕೇಳಿಸಿ, ಹನ್ನೆರಡು ಡಾಲರ್ ತೆಗೆದುಕೊಂಡಿದ್ದರು. ಏಳು ವರ್ಷದಿಂದ ಆ ಎರಡು ಸಾಲು ಎರಡು ಪುಸ್ತಕದಲ್ಲಿ ಬೇರೆ ಬೇರೆಯಾಗಿ ಕೂತಿದ್ದವು. ಈಗ ನನ್ನ ಕೈಯಾರೆ ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು ಬಂದು ನಿಂತವು. ಹಿಂದಿನ ಕೋಣೆಯಲ್ಲಿ ಹೀಟರು ಟಿಕ್ ಟಿಕ್ ಅನ್ನುತ್ತಿತ್ತು. ಆ ಚಳಿಯಲ್ಲೂ ನನಗೆ ಕಿವಿ ಬಿಸಿಯಾಯಿತು.

ಕಪಾಟು ಹುಡುಕಿದೆ. ಆ ದಿನ ಬಂದ ಡಬ್ಬ ಏನಾಯಿತು? ಮಾರಿರುತ್ತಾರೆ ಅಂದುಕೊಂಡೆ. ಮಾರಿರಲಿಲ್ಲ. ಕೆಳಗಿನ ಸಾಲಿನಲ್ಲಿ, ಹಿಂದುಗಡೆ, ಧೂಳು ಹಿಡಿದ ಡಬ್ಬದ ಮೇಲೆ ಶೆಟ್ರ ಅಕ್ಷರದ ಚೀಟಿ: ಬೇಲಿ.

ಅಂಗಡಿಯ ವ್ಯವಹಾರ ಜನವರಿಯಲ್ಲಿ ಮುಗಿಯಿತು. ಮಾಲು ಮಾತ್ರ ಕೇಳಿದ ವ್ಯಾಪಾರಿಗೆ ಶೆಟ್ರು ಇಲ್ಲ ಅಂದರು. ಹುಡುಗಿ ಕಂತಿನಲ್ಲಿ ತೆಗೆದುಕೊಂಡಿದ್ದಾಳೆ. ಕಟ್ಟಡ ಶೆಟ್ರದ್ದೇ, ಬಾಡಿಗೆ ಮೊದಲ ವರ್ಷ ಅರ್ಧ. ಗಾಜಿನ ಕಪಾಟಿನ ಇಂಜಿನ್ನುಗಳನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಬಣ್ಣದ ಶೀಶೆ ಇಡುತ್ತಾಳಂತೆ. ನನಗೆ ಅದು ಸರಿ ಅಂತಲೂ ಅನಿಸುತ್ತದೆ, ಹೊಟ್ಟೆ ಉರಿಯೂ ಆಗುತ್ತದೆ. ಶನಿವಾರ ಮತ್ತು ಮಂಗಳವಾರ ಶೆಟ್ರು ರಿಪೇರಿ ಮೇಜಿನಲ್ಲಿ ಕೂರುತ್ತಾರೆ. ಮುಂಗಡ ಆರ್ಡರಿಗೆ ಇನ್ನು ಮೇಲೆ ಎಲ್ಲರೂ ಕಾಲುಭಾಗ ದುಡ್ಡು ಮೊದಲೇ ಕೊಡಬೇಕು ಅಂತ ಹುಡುಗಿ ಬೋರ್ಡು ಹಾಕಿದ್ದಾಳೆ. ಅದನ್ನು ಓದುವಾಗ ನಾನು ಬೇರೆ ಕಡೆ ನೋಡಿದೆ.

ಕೊನೆಯ ಭಾನುವಾರ ಲೆಕ್ಕವೆಲ್ಲ ಮುಗಿಸಿ ಆ ಡಬ್ಬವನ್ನು ತಂದು ಗಲ್ಲಾದ ಮೇಲೆ ಇಟ್ಟೆ. ಶೆಟ್ರು ಡಬ್ಬ ನೋಡಿದರು, ಚೀಟಿ ನೋಡಿದರು, ನನ್ನನ್ನು ನೋಡಿದರು.

"ನಿನ್ನ ಹತ್ತಿರ ಒಂದು ಇದೆಯಲ್ಲ?"

ಅಂದರೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಏನು ಹೇಳಬೇಕು ಅಂತ ತೋಚದೆ, "ನಮ್ಮೂರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಒಂದು ಘಾಟಿ ಇದೆ. ಅದನ್ನು ಹತ್ತುವುದಕ್ಕೆ ಒಂದು ಇಂಜಿನ್ ಸಾಕಾಗುವುದಿಲ್ಲ, ಜೊತೆಗೆ ಇನ್ನೊಂದು ಬೇಕು" ಅಂದೆ. ದೊಡ್ಡದಾಗಿ ನಕ್ಕರು. ಡಬ್ಬದ ಮೇಲೆ 2018ರ ಬೆಲೆಯೇ ಇತ್ತು, ಅದರಲ್ಲಿ ಹತ್ತು ಪ್ರತಿಶತ ಕಳೆದರು, ಹಳೇ ಗಿರಾಕಿ ಅಂತ. ಬೇಡ ಅಂದರೂ ಕೇಳಲಿಲ್ಲ. "ಎರಡೂ ಒಂದೇ ನಂಬರಿನವು, ಒಂದರ ನಂಬರು ಬದಲಾಯಿಸಬೇಕು" ಅಂತ ನಂಬರಿನ ಹಾಳೆಯೊಂದು, ಅದನ್ನು ಅಂಟಿಸುವ ದ್ರಾವಣದ ಶೀಶೆಯೊಂದು, ಒಂದು ಹೊಸ ಬ್ಲೇಡು ಎತ್ತಿ ಪಕ್ಕದಲ್ಲಿಟ್ಟರು. "ಎರಡರ ವೇಗ ಹೊಂದಿಸಬೇಕು, ಶನಿವಾರ ತಾ. ಹನ್ನೆರಡು ಡಾಲರ್."

ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಕೊಟ್ಟೆ. ಚೀಟಿ ಕೀಳಲು ಹೋದರೆ ಕಾಗದ ಹರಿದು 'ಬೇ' ಅನ್ನುವಷ್ಟು ಮಾತ್ರ ಬಂತು, ಉಳಿದದ್ದು ಡಬ್ಬಕ್ಕೇ ಅಂಟಿಕೊಂಡಿದೆ.